ಲಿನಕ್ಸ್ ಕಂಪ್ಯೂಟರಿಗೆ ಗಟ್ಟಿ ಸ್ಕ್ರೀನ್ ಲಾಕ್: ಹಾಕಿ, ಆಮೇಲೆ ನೀವೇ ಮುರಿದು ನೋಡಿ

ಬಾಗಲಕೋಟೆಯ ನವನಗರದಲ್ಲಿ ನಮ್ಮ ಕಾಕಾ ಅವರದ್ದು ಒಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ. ಝೆರಾಕ್ಸ್ ಅನ್ನೋದು ಬೋರ್ಡಿಗೆ ಮಾತ್ರ. ನಿಜವಾದ ದುಡಿಮೆ ಆನ್‌ಲೈನ್ ಅರ್ಜಿ ತುಂಬುವುದರಲ್ಲಿ. ಸ್ಕಾಲರ್‌ಶಿಪ್, ಜಾತಿ-ಆದಾಯ, ರೇಷನ್ ಕಾರ್ಡು, ಹೊಲದ ಉತಾರ, ಎಲ್ಲವೂ ಅಲ್ಲೇ. ಅಂಗಡಿಯ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಟ್ಟವನು ನಾನು. ಹೀಗಾಗಿ ಅವು ಏನೇ ತಂಟೆ ಮಾಡಿದರೂ ಬೈಗುಳ ನನಗೇ.

ಒಂದು ಸ್ಕಾಲರ್‌ಶಿಪ್ ಸೀಸನ್ನಿನಲ್ಲಿ ಹೀಗಾಯಿತು. ಕಾಕಾ ಒಬ್ಬ ಹುಡುಗಿಯ ಅರ್ಜಿ ತುಂಬುತ್ತಿದ್ದರು. ಆದಾಯದ ಖಾನೆಯಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದಿತ್ತು. ಬಂದು ತಿದ್ದಿದರಾಯಿತು ಅಂತ ಚಾ ಹೇಳಲು ಎದ್ದು ಹೊರಗೆ ಹೋದರು. ಪಾಳಿಯಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗ ಕುರ್ಚಿ ಖಾಲಿ ಕಂಡು ಕೂತ. ಎದುರಿಗೆ ಒಂದು ನೀಲಿ ಬಟನ್ ಇತ್ತು, ಒತ್ತಿದ. ಕಾಕಾ ವಾಪಸ್ ಬಂದು ನೋಡಿದರೆ ಅರ್ಜಿ ಸಬ್‌ಮಿಟ್ ಆಗಿ ಹೋಗಿದೆ. "ನೆಕ್ಸ್ಟ್ ಅಂತ ತಿಳಕೊಂಡು ಒತ್ತಿದ್ನಿರಿ ಕಾಕಾ" ಅಂದ. ಪಾಪ, ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಒಮ್ಮೆ ಸಬ್‌ಮಿಟ್ ಆದ ಅರ್ಜಿ ತಿದ್ದಲು ಬರುವುದಿಲ್ಲ. ಆ ಒಂದು ಸೊನ್ನೆ ತೆಗೆಸಲು ಹುಡುಗಿಯ ಅಪ್ಪ ಎಂಟು ದಿನ ಓಡಾಡಿದರು.

ಸ್ಕ್ರೀನ್ ಲಾಕ್ ಅಂದಕೂಡಲೇ ಎಲ್ಲರಿಗೂ ಕಳ್ಳರು, ಹ್ಯಾಕರುಗಳು ನೆನಪಾಗುತ್ತಾರೆ. ನಮ್ಮಲ್ಲಿ ಅದಕ್ಕಿಂತ ಜಾಸ್ತಿ ಕೆಲಸ ಕೆಡಿಸುವುದು ಖಾಲಿ ಕುರ್ಚಿ. ಅವತ್ತು ರಾತ್ರಿಯೇ ಮೂರೂ ಮಷೀನಿಗೆ ಲಾಕ್ ಹಾಕಲು ಕೂತೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಲಾಕ್ ಹಾಕಲು ಹತ್ತೇ ನಿಮಿಷ ಹಿಡಿಯಿತು. ಅದರ ಸುತ್ತ ಇದ್ದ ತೂತುಗಳನ್ನು ಹುಡುಕಿ ಮುಚ್ಚಲು ಎರಡು ಭಾನುವಾರ ಹೋದವು.

ಒಂದು ಮಾತು. ಇಲ್ಲಿ ಮೆನುಗಳ ಹೆಸರು, ಆಜ್ಞೆಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಆಜ್ಞೆ ಬರೆಯುವ ಕಿಟಕಿ) ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಆಜ್ಞೆಗಳು ಬಹಳ ಇಲ್ಲ, ಹೆದರಬೇಡಿ.

ಮೊದಲು: ನಿಮ್ಮ ಮಷೀನಿನಲ್ಲಿ ಲಾಕ್ ಹೇಗೆ ಕೆಲಸ ಮಾಡುತ್ತದೆ?

ಲಿನಕ್ಸ್‌ನಲ್ಲಿ ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆ ಎರಡು ಬಗೆಯದು. ಹಳೆಯದು ಎಕ್ಸ್, ಕೆಲವು ಕಡೆ ಎಕ್ಸ್11 ಅಂತಲೂ ಬರೆದಿರುತ್ತದೆ. ಹೊಸದು ವೇಲ್ಯಾಂಡ್. ನಿಮ್ಮದು ಯಾವುದು ಅಂತ ತಿಳಿಯಲು ಉಬುಂಟುವಿನಲ್ಲಿ (ಇದು ಲಿನಕ್ಸಿನ ಒಂದು ಬಗೆ, ಮಿಂಟ್ ಇನ್ನೊಂದು) ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್, ಸಿಸ್ಟಮ್ ಡೀಟೇಲ್ಸ್ ಅಂತ ಹೋಗಿ. ವಿಂಡೋಯಿಂಗ್ ಸಿಸ್ಟಮ್ ಎಂಬ ಸಾಲಿನ ಎದುರು ಹೆಸರಿರುತ್ತದೆ.

ಇದು ಯಾಕೆ ಮುಖ್ಯ? ಎಕ್ಸ್‌ನಲ್ಲಿ ಲಾಕ್ ಅನ್ನೋದು ಬಾಗಿಲಿಗೆ ಜಡಿದ ಕೀಲಿ ಅಲ್ಲ. ಬಾಗಿಲ ಮುಂದೆ ನಿಲ್ಲಿಸಿದ ಒಬ್ಬ ಆಳು. ಲಾಕರ್ ಎಂಬ ಒಂದು ಸಾಮಾನ್ಯ ಪ್ರೋಗ್ರಾಂ ಪರದೆ ತುಂಬ ತನ್ನ ಕಿಟಕಿ ಹರಡಿ, ಕೀಬೋರ್ಡು ಮೌಸು ಎರಡನ್ನೂ ತನ್ನ ಹಿಡಿತಕ್ಕೆ ತೆಗೆದುಕೊಂಡು ನಿಲ್ಲುತ್ತದೆ. ಆ ಆಳು ತಲೆ ತಿರುಗಿ ಬಿದ್ದನೋ, ಹಿಂದೆ ಬಾಗಿಲು ತೆರೆದೇ ಇರುತ್ತದೆ. ವೇಲ್ಯಾಂಡ್‌ನಲ್ಲಿ ಪರದೆಯನ್ನು ನಡೆಸುವ ಪ್ರೋಗ್ರಾಂಗೇ ಲಾಕ್ ಆಗಿರುವ ಸಂಗತಿ ಗೊತ್ತಿರುತ್ತದೆ. ಪಾಸ್‌ವರ್ಡ್ ಕೇಳುವ ಭಾಗ ಕೆಟ್ಟು ನಿಂತರೂ ಡೆಸ್ಕ್‌ಟಾಪ್ ಬಯಲಾಗುವುದಿಲ್ಲ, ಪರದೆ ಮುಚ್ಚಿಯೇ ಇರುತ್ತದೆ.

ಆಳು ಬಿದ್ದ ಕಥೆ ನಿಜವಾಗಿಯೂ ನಡೆದಿದೆ. 2021ರ ಜನವರಿಯಲ್ಲಿ ಲಿನಕ್ಸ್ ಮಿಂಟ್ ಬಳಸುವ ಒಬ್ಬ ತಂದೆ ಒಂದು ದೂರು ಬರೆದರು. ಅವರ ಮಕ್ಕಳು ಅಪ್ಪನ ಕಂಪ್ಯೂಟರನ್ನು ಹ್ಯಾಕ್ ಮಾಡುತ್ತೇವೆ ಅಂತ ಆಟಕ್ಕೆ ಕೂತಿದ್ದರು. ಲಾಕ್ ಆದ ಪರದೆಯ ಮೇಲೆ ಸಿಕ್ಕ ಸಿಕ್ಕ ಕೀಗಳನ್ನು ಬಡಿದರು. ಕೈಯ ಕೀಬೋರ್ಡೂ ಆಯಿತು, ಪರದೆಯ ಮೇಲಿನ ಕೀಬೋರ್ಡೂ ಆಯಿತು. ಲಾಕರ್ ಕುಸಿದು ಬಿತ್ತು, ಡೆಸ್ಕ್‌ಟಾಪ್ ತೆರೆದುಕೊಂಡಿತು. ಏನೋ ಒಮ್ಮೆ ಆಗಿರಬೇಕು ಅಂದುಕೊಂಡರೆ, ಮಕ್ಕಳು ಎರಡನೇ ಸಲವೂ ಅದನ್ನೇ ಮಾಡಿ ತೋರಿಸಿದರು! ಹುಡುಕಿದಾಗ ಕಾರಣ ಸಿಕ್ಕಿತು. ಪರದೆಯ ಕೀಬೋರ್ಡಿನಲ್ಲಿ ತಲೆಯ ಮೇಲೆ ಗೆರೆ ಇರುವ ಇಂಗ್ಲಿಷ್ "ಇ" ಅಕ್ಷರ ಒತ್ತಿದರೆ ಆ ಕೀಬೋರ್ಡ್ ಕುಸಿಯುತ್ತಿತ್ತು, ಕುಸಿಯುವಾಗ ಲಾಕರನ್ನೂ ಜತೆಗೆ ಎಳೆದುಕೊಂಡು ಬೀಳುತ್ತಿತ್ತು. ಮಿಂಟ್‌ನವರು ಬೇಗ ಅದನ್ನು ಸರಿಪಡಿಸಿದರು. ಎಕ್ಸ್‌ಸ್ಕ್ರೀನ್‌ಸೇವರ್ ಎಂಬ ಹಳೆಯ ಲಾಕರನ್ನು 1992ರಿಂದ ನೋಡಿಕೊಂಡು ಬಂದಿರುವ ಜೇಮಿ ಜವಿನ್‌ಸ್ಕಿ ಈ ಅಪಾಯವನ್ನು ವರ್ಷಗಟ್ಟಲೆ ಹೇಳುತ್ತಲೇ ಇದ್ದರು: ಲಾಕರ್‌ಗೆ ಬೇಡದ ಸಾಮಾನು ಹೊರಿಸಬೇಡಿ, ಭಾರ ಜಾಸ್ತಿ ಆದಷ್ಟೂ ಬೀಳುವ ಸಂಭವ ಜಾಸ್ತಿ.

ಅದಕ್ಕೂ ಮೊದಲು, 2012ರಲ್ಲಿ, ಎಕ್ಸ್‌ನ ಒಂದು ಆವೃತ್ತಿಯಲ್ಲಿ ಕಂಟ್ರೋಲ್, ಆಲ್ಟ್ ಮತ್ತು ನಂಬರ್ ಪ್ಯಾಡಿನ ನಕ್ಷತ್ರದ ಕೀ ಒಟ್ಟಿಗೆ ಒತ್ತಿದರೆ ಸಾಕಿತ್ತು, ಲಾಕರ್ ಮಾಯ. ಇವೆಲ್ಲ ಈಗ ಸರಿಯಾಗಿವೆ. ಅಪ್‌ಡೇಟ್ ಹಾಕಿಕೊಂಡವರಿಗೆ ಮಾತ್ರ ಸರಿಯಾಗಿವೆ. ಆದ್ದರಿಂದ ಮುಂದೆ ಹೋಗುವ ಮೊದಲು ಅಪ್‌ಡೇಟ್ ಮ್ಯಾನೇಜರ್ ತೆರೆದು, ಬಾಕಿ ಇರುವುದನ್ನೆಲ್ಲ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ. ಉಬುಂಟುವಿನಲ್ಲಿ ಆಯ್ಕೆ ಇದ್ದರೆ ಲಾಗಿನ್ ಪರದೆಯಲ್ಲೇ ವೇಲ್ಯಾಂಡ್ ಆರಿಸಿಕೊಳ್ಳಿ.

ಪಾಸ್‌ವರ್ಡ್

ಕಾಕಾ ಅವರ ಮಷೀನಿನ ಮೊದಲ ಪಾಸ್‌ವರ್ಡ್ 1234. ಅದೂ ಅವರಿಗೆ ಮರೆಯುತ್ತಿತ್ತು. "ತಮ್ಮಾ, ಪಾಸ್‌ವರ್ಡ್ ಏನಿತ್ತಪಾ?" ಅಂತ ಅಂಗಡಿ ತುಂಬ ಗಿರಾಕಿ ಇದ್ದಾಗ ಕೇಳುತ್ತಿದ್ದರು. ನಾನೂ ಜಾಣನಂತೆ ಗಟ್ಟಿಯಾಗಿಯೇ ಹೇಳುತ್ತಿದ್ದೆ.

ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಮಾತು ಜೋಡಿಸಿ. ಎಮ್ಮಿ, ಕೊಡೆ, ಗಾಳಿಪಟ, ಹದಿನೇಳು. (ಇದನ್ನೇ ಇಡಬೇಡಿ ಮತ್ತೆ.) ಇಷ್ಟುದ್ದ ಇದ್ದರೆ ಹೆಗಲ ಮೇಲಿಂದ ಇಣುಕಿ ನೋಡಿದವರಿಗೂ ಪೂರ್ತಿ ಸಿಗುವುದಿಲ್ಲ. ನಿಮಗೆ ನೆನಪಿಡುವುದೂ ಸಲೀಸು. ಆದರೆ ಕನ್ನಡ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದು ಪೇಚಿದೆ. ದೀರ್ಘಕ್ಕೆ ಎರಡು "ಎ" ಹಾಕುತ್ತೀರೋ ಒಂದೋ? ಎಮ್ಮೆಯೋ ಎಮ್ಮಿಯೋ? ಒಮ್ಮೆ ತೀರ್ಮಾನ ಮಾಡಿ, ಮೊದಲ ಒಂದು ವಾರ ದಿನಕ್ಕೆ ನಾಲ್ಕು ಸಲ ಹೊಡೆದು ಬೆರಳಿಗೆ ರೂಢಿ ಮಾಡಿಸಿ. ಆಮೇಲೆ ಬೆರಳೇ ಬರೆಯುತ್ತದೆ.

ಬದಲಿಸಲು ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಯೂಸರ್ಸ್ ಅಂತ ಹೋಗಿ, ನಿಮ್ಮ ಹೆಸರಿನ ಕೆಳಗೆ ಪಾಸ್‌ವರ್ಡ್ ಒತ್ತಿ. ಮಿಂಟ್‌ನಲ್ಲಿ ಇದಕ್ಕೆ ಅಕೌಂಟ್ ಡೀಟೇಲ್ಸ್ ಅನ್ನುತ್ತಾರೆ. ಅಲ್ಲೇ ಇರುವಾಗ ಇನ್ನೊಂದು ಕೆಲಸ ಮುಗಿಸಿ: ಆಟೋಮ್ಯಾಟಿಕ್ ಲಾಗಿನ್ ಆನ್ ಆಗಿದ್ದರೆ ಆಫ್ ಮಾಡಿ. ಮಿಂಟ್‌ನಲ್ಲಿ ಇದು ಲಾಗಿನ್ ವಿಂಡೋ ಎಂಬ ಬೇರೆ ಜಾಗದಲ್ಲಿದೆ, ಯೂಸರ್ಸ್ ಟ್ಯಾಬಿನಲ್ಲಿ ಆಟೋಮ್ಯಾಟಿಕ್ ಲಾಗಿನ್ನಿನ ಎದುರು ಹೆಸರಿದ್ದರೆ ಅಳಿಸಿ.

ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಯಾಕೆ ಅಂತ ಕರೆಂಟ್ ಹೋದಾಗ ಗೊತ್ತಾಗುತ್ತದೆ. ಲಾಕ್ ಆಗಿದ್ದ ಡೆಸ್ಕ್‌ಟಾಪ್ ಮಷೀನು ಕರೆಂಟ್ ಹೋಗಿ ಆರಿತು ಅನ್ನಿ. ಕರೆಂಟ್ ಬಂತು. ಕೆಲವು ಮಷೀನಿನ ಬಯೋಸ್‌ನಲ್ಲಿ (ಮಷೀನು ಆನ್ ಆದಾಗ ಎಲ್ಲಕ್ಕಿಂತ ಮೊದಲು ಓಡುವ ಒಳಗಿನ ಪ್ರೋಗ್ರಾಂ) ಕರೆಂಟ್ ಬಂದ ತಕ್ಷಣ ತಾನೇ ಹೊತ್ತಿಕೊಳ್ಳುವ ಆಯ್ಕೆ ಇರುತ್ತದೆ. ಆಟೋ ಲಾಗಿನ್ ಇದ್ದರೆ ಯಾರೂ ಮುಟ್ಟದೆಯೇ ಡೆಸ್ಕ್‌ಟಾಪ್ ತೆರೆದು ಕೂತಿರುತ್ತದೆ. ಬ್ರೌಸರ್ ತೆರೆದರೆ ಹಳೆಯ ಟ್ಯಾಬುಗಳನ್ನು ರಿಸ್ಟೋರ್ ಮಾಡಲೇ ಅಂತ ಕೇಳುತ್ತದೆ. ನಮ್ಮ ಅಂಗಡಿಯಲ್ಲಿ ಲಾಕನ್ನು ಮೊದಲು ಮುರಿದದ್ದು ಕರೆಂಟೇ!

ಈಗ ಲಾಕ್ ಹಾಕೋಣ

ಉಬುಂಟು ಅಥವಾ ಗ್ನೋಮ್ ಎಂಬ ಡೆಸ್ಕ್‌ಟಾಪ್ ಇರುವ ಯಾವುದೇ ಲಿನಕ್ಸ್‌ನಲ್ಲಿ: ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಸ್ಕ್ರೀನ್ ಲಾಕ್. ಮೊದಲ ಸಾಲು ಬ್ಲ್ಯಾಂಕ್ ಸ್ಕ್ರೀನ್ ಡಿಲೇ, ಅಂದರೆ ಎಷ್ಟು ಹೊತ್ತು ಯಾರೂ ಮುಟ್ಟದಿದ್ದರೆ ಪರದೆ ಕಪ್ಪಾಗಬೇಕು ಅಂತ. ಮೊದಲಿಗೆ 5 ನಿಮಿಷ ಇರುತ್ತದೆ. ಮನೆಗೆ ಅಷ್ಟು ಸಾಕು. ಅಂಗಡಿಗೆ ನಾನು 2 ನಿಮಿಷ ಇಟ್ಟಿದ್ದೇನೆ. ಆಮೇಲೆ ಆಟೋಮ್ಯಾಟಿಕ್ ಸ್ಕ್ರೀನ್ ಲಾಕ್ ಆನ್ ಮಾಡಿ. ಅದರ ಕೆಳಗಿನ ಡಿಲೇ ಸಾಲನ್ನು ಹಲವರು ಗಮನಿಸುವುದೇ ಇಲ್ಲ. ಅದು "ಸ್ಕ್ರೀನ್ ಟರ್ನ್ಸ್ ಆಫ್" ಅಂತ ಇರಬೇಕು. ಅಲ್ಲಿ 30 ನಿಮಿಷ ಅಂತ ಇದ್ದರೆ ಪರದೆ ಕಪ್ಪಾದ ಮೇಲೂ ಅರ್ಧ ಗಂಟೆ ಯಾರು ಬೇಕಾದರೂ ಮೌಸ್ ಅಲ್ಲಾಡಿಸಿ ಒಳಗೆ ಬರಬಹುದು. ಕಪ್ಪು ಪರದೆ ಅಂದರೆ ಲಾಕ್ ಆದ ಪರದೆ ಅಲ್ಲ, ಇದನ್ನು ಕಾಕಾಗೆ ತಿಳಿಸಿ ಹೇಳಲು ನನಗೆ ಒಂದು ತಿಂಗಳು ಬೇಕಾಯಿತು.

ಉಬುಂಟುವಿನಲ್ಲಿ ಸಸ್ಪೆಂಡ್ ಆದಾಗ, ಅಂದರೆ ಮಷೀನು ಮಲಗಿದಾಗ, ಲಾಕ್ ಮಾಡುವ ಸ್ವಿಚ್ಚೂ ಅಲ್ಲೇ ಇದೆ, ಆನ್ ಇರಲಿ. ಲಾಕ್ ಪರದೆಯ ಮೇಲೆ ನೋಟಿಫಿಕೇಶನ್ ತೋರಿಸುವುದನ್ನು ಮಾತ್ರ ಆಫ್ ಮಾಡಿ. ಕಂಪ್ಯೂಟರಿಗೆ ಬರುವ ಸಂದೇಶವೆಲ್ಲ ಲಾಕ್ ಪರದೆಯ ಮೇಲೇ ಕಾಣುತ್ತಿದ್ದರೆ ಲಾಕ್ ಹಾಕಿ ಏನು ಬಂತು?

ಮಿಂಟ್‌ನ ಸಿನಮನ್ ಡೆಸ್ಕ್‌ಟಾಪಿನಲ್ಲಿ ಪ್ರಿಫರೆನ್ಸಸ್ ಒಳಗೆ ಸ್ಕ್ರೀನ್‌ಸೇವರ್ ತೆರೆಯಿರಿ. ಸ್ಕ್ರೀನ್‌ಸೇವರ್ ಶುರುವಾಗುವ ಸಮಯ ಒಂದು, ಅದು ಶುರುವಾದ ಮೇಲೆ ಲಾಕ್ ಬೀಳುವ ಸಮಯ ಇನ್ನೊಂದು. ಇಲ್ಲೂ ಅದೇ ಬಲೆ, ಎರಡನೆಯದನ್ನು ಆದಷ್ಟು ಕಡಿಮೆ ಇಡಿ. ಕಂಪ್ಯೂಟರ್ ಮಲಗಿದಾಗ ಲಾಕ್, ಸ್ಕ್ರೀನ್‌ಸೇವರ್ ಶುರುವಾದಾಗ ಲಾಕ್, ಎರಡೂ ಆನ್ ಇರಲಿ.

ಕೆಡಿಇ ಪ್ಲಾಸ್ಮಾದಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ತೆರೆದು ಸ್ಕ್ರೀನ್ ಲಾಕಿಂಗ್ ಅಂತ ಹುಡುಕಿದರೆ ಸಾಕು. ಪರದೆ ಲಾಕ್ ಆದ ಮೇಲೂ ಪಾಸ್‌ವರ್ಡ್ ಕೇಳದೆ ಬಿಡುವ ಕೆಲವು ಸೆಕೆಂಡಿನ ರಿಯಾಯಿತಿ ಅಲ್ಲಿದೆ. ಒಬ್ಬರೇ ಇರುವ ಕೋಣೆಗೆ ಅದು ಸರಿ, ಅಂಗಡಿಗೆ ಬೇಡ.

ಎಕ್ಸ್‌ಎಫ್‌ಸಿಇ ಇರುವ ಹಳೆಯ ಮಷೀನುಗಳಲ್ಲಿ ಎರಡು ಕಡೆ ನೋಡಬೇಕು. ಸ್ಕ್ರೀನ್‌ಸೇವರ್ ಸೆಟ್ಟಿಂಗಿನಲ್ಲಿ ಲಾಕ್ ಸ್ಕ್ರೀನ್ ಟ್ಯಾಬ್ ಒಂದು. ಪವರ್ ಮ್ಯಾನೇಜರಿನಲ್ಲಿ ಮಷೀನು ಮಲಗುವಾಗ ಲಾಕ್ ಮಾಡು ಎಂಬ ಟಿಕ್ ಇನ್ನೊಂದು. ಕೆಲವು ಮಷೀನಿನಲ್ಲಿ ಲೈಟ್ ಲಾಕರ್ ಮತ್ತು ಎಕ್ಸ್‌ಎಫ್‌ಸಿಇ ಸ್ಕ್ರೀನ್‌ಸೇವರ್ ಎಂಬ ಎರಡು ಲಾಕರೂ ಕೂತಿರುತ್ತವೆ. ಆಗ ಪಾಸ್‌ವರ್ಡ್ ಎರಡು ಸಲ ಕೇಳುತ್ತದೆ, ಇಲ್ಲವೇ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಒಂದನ್ನು ತೆಗೆದುಹಾಕಿ, ಅತ್ತೆ ಇಬ್ಬರಿದ್ದರೆ ಮನೆ ನಡೆಯಲ್ಲ.

ಸ್ವೇ, ಐ3 ಥರದ ಡೆಸ್ಕ್‌ಟಾಪ್ ಬಳಸುವವರಿಗೆ ಈ ಮೆನು ಯಾವುದೂ ಇಲ್ಲ, ಅವರಿಗೆ ಇದು ಗೊತ್ತೇ ಇರುತ್ತದೆ. ಸ್ವೇ ಇದ್ದರೆ ಸ್ವೇಐಡಲ್ ಮತ್ತು ಸ್ವೇಲಾಕ್ ಜೋಡಿ, ಐ3 ಇದ್ದರೆ ಎಕ್ಸ್‌ಎಸ್‌ಎಸ್-ಲಾಕ್ ಮತ್ತು ಐ3ಲಾಕ್ ಜೋಡಿ. ಮರೆಯಬಾರದ್ದು ಒಂದೇ: ಸಮಯ ಮೀರಿದಾಗ ಲಾಕ್ ಹಾಕಿದರೆ ಸಾಲದು, ಮಷೀನು ಮಲಗುವ ಮೊದಲೂ ಲಾಕ್ ಬೀಳುವಂತೆ ಬರೆಯಬೇಕು.

ಕೈಗೆ ಒಂದು ಕೀ

ಟೈಮರ್ ಅನ್ನೋದು ಮರೆತವರಿಗೆ ಮಾತ್ರ. ಎದ್ದು ಹೋಗುವಾಗ ಕೈಯಿಂದಲೇ ಲಾಕ್ ಮಾಡಬೇಕು. ಗ್ನೋಮ್ ಮತ್ತು ಕೆಡಿಇಯಲ್ಲಿ ವಿಂಡೋಸ್ ಗುರುತಿನ ಕೀ ಹಿಡಿದು ಎಲ್ ಒತ್ತಿ. ಮಿಂಟ್ ಸಿನಮನ್ ಮತ್ತು ಎಕ್ಸ್‌ಎಫ್‌ಸಿಇಯಲ್ಲಿ ಕಂಟ್ರೋಲ್, ಆಲ್ಟ್, ಎಲ್. ಅಂಗಡಿಯಲ್ಲಿ ಮೂರು ಮಷೀನಿಗೆ ಎರಡು ಥರದ ಕೀ ಇದ್ದರೆ ಕಾಕಾಗೆ ತಲೆಬಿಸಿ. ಅದಕ್ಕೇ ಕೀಬೋರ್ಡ್ ಸೆಟ್ಟಿಂಗಿನ ಶಾರ್ಟ್‌ಕಟ್ಸ್ ಒಳಗೆ ಹೋಗಿ ಎಲ್ಲದಕ್ಕೂ ವಿಂಡೋಸ್ ಕೀ ಮತ್ತು ಎಲ್ ಅಂತಲೇ ಮಾಡಿದೆ. ಸಿನಮನ್‌ನಲ್ಲಿ ಆ ಜೋಡಿ ಲುಕಿಂಗ್ ಗ್ಲಾಸ್ ಎಂಬ ಇನ್ನೊಂದಕ್ಕೆ ಮೀಸಲಾಗಿರುತ್ತದೆ, ಬದಲಿಸಲೇ ಅಂತ ಕೇಳಿದರೆ ಹೂಂ ಅನ್ನಿ. ಆಮೇಲೆ ಎಲ್ ಕೀಯ ಮೇಲೆ ಒಂದು ಕೆಂಪು ಬಿಂದಿ ಅಂಟಿಸಿದೆ. ಕಾಕೂ ಕೊಟ್ಟ ಬಿಂದಿ. ಬಿದ್ದಾಗಲೆಲ್ಲ ಹೊಸದು ಬರುತ್ತದೆ.

ಕನ್ನಡ ಕೀಬೋರ್ಡಿನ ಪೇಚು

ಇದು ನಮ್ಮವರಿಗಷ್ಟೇ ಬರುವ ಫಜೀತಿ, ಇಂಗ್ಲಿಷ್ ಕೈಪಿಡಿಗಳಲ್ಲಿ ಇದರ ಸುದ್ದಿ ಕಡಿಮೆ. ಒಂದು ಮಧ್ಯಾಹ್ನ ಕಾಕಾ ಫೋನ್ ಮಾಡಿದರು. "ಪಾಸ್‌ವರ್ಡ್ ತಗೋವಲ್ದು. ಒಂಬತ್ತ್ ಸಲ ಹೊಡದೇನಿ." ಹೋಗಿ ನೋಡಿದರೆ ಅವರು ಕನ್ನಡದಲ್ಲಿ ಒಂದು ಅರ್ಜಿ ಟೈಪ್ ಮಾಡುತ್ತಿದ್ದಾಗ ಲಾಕ್ ಬಿದ್ದಿತ್ತು. ಕೀಬೋರ್ಡ್ ಇನ್ನೂ ಕನ್ನಡದಲ್ಲೇ ಇತ್ತು. ಅವರು ಹೊಡೆದ ಪಾಸ್‌ವರ್ಡ್ ಒಳಗೆ ಹೋಗುವಾಗ ಕನ್ನಡ ಅಕ್ಷರವಾಗಿ ಹೋಗುತ್ತಿತ್ತು. ಖಾನೆಯಲ್ಲಿ ಕಾಣುವುದು ಬರೀ ಚುಕ್ಕೆ, ಪಾಪ ಅವರಿಗೆ ಹೇಗೆ ಗೊತ್ತಾಗಬೇಕು?

ಗ್ನೋಮ್‌ನಲ್ಲಿ ಲಾಕ್ ಪರದೆಯ ಮೇಲಿನ ಮೂಲೆಯಲ್ಲಿ ಈಗ ಯಾವ ಭಾಷೆ ಇದೆ ಅಂತ ಎರಡಕ್ಷರದ ಗುರುತು ಇರುತ್ತದೆ. ಅದನ್ನು ಒತ್ತಿ, ಇಲ್ಲವೇ ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ತನ್ನಿ. ಇದಕ್ಕಿಂತ ಒಳ್ಳೆಯದು ಕೀಬೋರ್ಡ್ ಸೇರಿಸುವಾಗಲೇ ಯೋಚಿಸುವುದು. ಕನ್ನಡವನ್ನು ಲಿನಕ್ಸ್‌ಗೆ ಎರಡು ದಾರಿಯಲ್ಲಿ ಸೇರಿಸಬಹುದು. ಒಂದು, ಕೀಬೋರ್ಡ್ ಲೇಔಟ್ ಆಗಿ. ಇನ್ನೊಂದು, ಐಬಸ್ ಎಂಬ ಇನ್‌ಪುಟ್ ಪದ್ಧತಿಯ ಮೂಲಕ. ಲೇಔಟ್ ಆದರೆ ಪಾಸ್‌ವರ್ಡ್ ಖಾನೆಗೂ ಕನ್ನಡವೇ ಹೋಗುತ್ತದೆ. ಐಬಸ್ ಮೂಲಕ ಕೆಜಿಪಿ ಅಥವಾ ಐಟ್ರಾನ್ಸ್ ಎಂಬ ಕನ್ನಡ ಟೈಪಿಂಗ್ ವಿಧಾನ ಹಾಕಿಕೊಂಡರೆ ಪಾಸ್‌ವರ್ಡ್ ಖಾನೆಯಲ್ಲಿ ಅದು ಸುಮ್ನೆ ಬದಿಗೆ ಸರಿಯುತ್ತದೆ. ನಾನು ಮೂರೂ ಮಷೀನಿಗೆ ಐಬಸ್ ಮಾಡಿದ ಮೇಲೆ ಆ ಫೋನು ಬರುವುದು ನಿಂತಿತು. ಈಗ ಬರುವುದು ಕ್ಯಾಪ್ಸ್ ಲಾಕ್ ಫೋನು.

ಆರ್ಚ್ ಲಿನಕ್ಸ್ ಬಳಸುವವರು ಇಲ್ಲಿ ಇನ್ನೂ ಹುಷಾರಾಗಿರಬೇಕು. ಅದರಲ್ಲಿ 15 ನಿಮಿಷದೊಳಗೆ ಮೂರು ಸಲ ತಪ್ಪಿದರೆ ಖಾತೆ 10 ನಿಮಿಷ ಮುಚ್ಚಿಕೊಳ್ಳುತ್ತದೆ. ಆಗ ಸರಿಯಾದ ಪಾಸ್‌ವರ್ಡ್ ಹಾಕಿದರೂ ತೆಗೆಯುವುದಿಲ್ಲ. ಗಾಬರಿಯಾಗದೆ ಚಾ ಕುಡಿದು ಬನ್ನಿ.

ಸುತ್ತಲಿನ ಬಾಗಿಲುಗಳು

ಲಾಕ್ ಪರದೆ ಮುಂಬಾಗಿಲು. ಹಿತ್ತಲ ಬಾಗಿಲುಗಳು ಬೇರೆ ಇವೆ, ಅಲ್ವಾ?

ನನಗೆ ಬಹಳ ಬೆವರಿಳಿಸಿದ್ದು ಇದು. ಲಿನಕ್ಸ್‌ನಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಒತ್ತಿದರೆ ಬರೀ ಅಕ್ಷರಗಳ ಕಪ್ಪು ಪರದೆ ಬರುತ್ತದೆ, ಇದಕ್ಕೆ ಟಿಟಿವೈ ಅನ್ನುತ್ತಾರೆ. ಲಾಕ್ ಆಗಿದ್ದಾಗಲೂ ಬರುತ್ತದೆ. ಅಲ್ಲೂ ಹೆಸರು, ಪಾಸ್‌ವರ್ಡ್ ಕೇಳುತ್ತದೆ, ಹೀಗಾಗಿ ಅಪಾಯವಿಲ್ಲ. ಆದರೆ ನಾನು ಒಂದು ದಿನ ಪ್ರಿಂಟರ್ ರಿಪೇರಿಗೆ ಅಂತ ಅಲ್ಲಿ ಲಾಗಿನ್ ಆಗಿ, ಹೊರಬರದೆ ಹಾಗೇ ಡೆಸ್ಕ್‌ಟಾಪಿಗೆ ಮರಳಿದ್ದೆ. ಇಡೀ ದಿನ ಆ ಪರದೆ ನನ್ನ ಹೆಸರಿನಲ್ಲಿ ತೆರೆದೇ ಇತ್ತು. ಮುಂದೆ ಎಷ್ಟು ಚೆಂದದ ಲಾಕ್ ಇದ್ದರೂ, ಆ ಮೂರು ಕೀ ಒತ್ತಿದವರಿಗೆ ನನ್ನ ಫೈಲುಗಳೆಲ್ಲ ಸಿಗುತ್ತಿದ್ದವು. ಅಷ್ಟೇ ಅಲ್ಲ, ಅಲ್ಲಿಂದಲೇ ಒಂದು ಸಾಲಿನ ಆಜ್ಞೆ ಕೊಟ್ಟು ಲಾಕನ್ನೂ ತೆಗೆಯಬಹುದು. ಟಿಟಿವೈಗೆ ಹೋದರೆ ಕೆಲಸ ಮುಗಿದ ಮೇಲೆ ಎಕ್ಸಿಟ್ ಅಂತ ಹೊಡೆದೇ ಬನ್ನಿ.

ಎರಡನೆಯದು ರಿಕವರಿ ಮೋಡ್. ಉಬುಂಟು, ಮಿಂಟ್ ಎರಡರಲ್ಲೂ ಬೂಟ್ ಆಗುವಾಗ ಗ್ರಬ್ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ) ಮೆನುವಿನಿಂದ ರಿಕವರಿಗೆ ಹೋದರೆ ಪಾಸ್‌ವರ್ಡ್ ಇಲ್ಲದೆಯೇ ರೂಟ್ ಅಧಿಕಾರ, ಅಂದರೆ ಇಡೀ ಮಷೀನಿನ ಯಜಮಾನಿಕೆ, ಸಿಗುತ್ತದೆ. ಪಾಸ್‌ವರ್ಡ್ ಮರೆತವರಿಗೆ ಅದು ವರ. ಬೇರೆಯವರ ಕೈಗೆ ಸಿಕ್ಕರೆ ಅದೇ ದಾರಿಯಲ್ಲಿ ನಿಮ್ಮ ಪಾಸ್‌ವರ್ಡ್ ಬದಲಿಸಿಬಿಡಬಹುದು. ಗ್ರಬ್‌ಗೂ ಪಾಸ್‌ವರ್ಡ್ ಇಡಬಹುದು. ಅದನ್ನೂ ಪೂರ್ತಿ ನಂಬಬೇಡಿ: 2015ರಲ್ಲಿ ಸ್ಪೇನಿನ ವೆಲೆನ್ಸಿಯಾದ ಇಬ್ಬರು ಸಂಶೋಧಕರು ಬ್ಯಾಕ್‌ಸ್ಪೇಸ್ ಕೀಯನ್ನು 28 ಸಲ ಒತ್ತಿ ಆ ಪಾಸ್‌ವರ್ಡನ್ನು ದಾಟಿ ತೋರಿಸಿದ್ದರು. ಅದೂ ಈಗ ಸರಿಯಾಗಿದೆ.

ಮೂರನೆಯದು ಪೆನ್‌ಡ್ರೈವ್. ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆಯೇ ಓಡುವಂಥದ್ದು) ಇರುವ ಪೆನ್‌ಡ್ರೈವ್ ಚುಚ್ಚಿ ಬೂಟ್ ಮಾಡಿದರೆ ನಿಮ್ಮ ಡಿಸ್ಕಿನ ಫೈಲುಗಳೆಲ್ಲ ತೆರೆದ ಪುಸ್ತಕ. ಬಯೋಸ್‌ನಲ್ಲಿ ಯುಎಸ್‌ಬಿ ಬೂಟ್ ಬಂದ್ ಮಾಡಿ, ಬಯೋಸ್‌ಗೂ ಪಾಸ್‌ವರ್ಡ್ ಇಡಬಹುದು. ಆದರೆ ಬಹಳಷ್ಟು ಡೆಸ್ಕ್‌ಟಾಪ್‌ಗಳಲ್ಲಿ ಡಬ್ಬಿ ಬಿಚ್ಚಿ ಒಳಗಿನ ಗುಂಡಿ ಸೆಲ್ ತೆಗೆದು ಹಾಕಿದರೆ ಅದೂ ಅಳಿಸಿಹೋಗುತ್ತದೆ.

ಹಾಗಾದರೆ ನಿಜವಾದ ಬಾಗಿಲು ಯಾವುದು? ಡಿಸ್ಕನ್ನೇ ಗೂಢಲಿಪಿ ಮಾಡುವುದು. ಲಿನಕ್ಸ್‌ನಲ್ಲಿ ಇದರ ಹೆಸರು ಲಕ್ಸ್. ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ಎನ್‌ಕ್ರಿಪ್ಟ್ ಎಂಬ ಟಿಕ್ ಹಾಕಿದರೆ ಸಾಕು. ಇನ್‌ಸ್ಟಾಲ್ ಆದ ಮೇಲೆ ಸೇರಿಸುವುದು ತ್ರಾಸಿನ ಕೆಲಸ. ಬ್ಯಾಕಪ್ ತೆಗೆದು, ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ನೆಟ್ಟಗಿನ ದಾರಿ. ಆಮೇಲೆ ಬೂಟ್ ಆಗುವಾಗಲೇ ಒಂದು ಪಾಸ್‌ಫ್ರೇಸ್ ಕೇಳುತ್ತದೆ. ಅದನ್ನು ಮರೆತರೆ ಮಾತ್ರ ಯಾರಿಂದಲೂ ಏನೂ ಮಾಡಲಾಗದು, ಫೈಲುಗಳೆಲ್ಲ ಹೋದಂತೆಯೇ. ಒಂದು ಚೀಟಿಯಲ್ಲಿ ಬರೆದು ಮನೆಯ ಟ್ರೆಜರಿಯಲ್ಲಿ ಬಂಗಾರದ ಜತೆ ಇಡಿ. ಮಾನಿಟರಿನ ಬೆನ್ನಿಗೆ ಅಂಟಿಸಬೇಡಿ.

ಇನ್ನೊಂದು. ಮಷೀನು ಆನ್ ಇದ್ದಾಗ, ಬರೀ ಲಾಕ್ ಅಥವಾ ಸಸ್ಪೆಂಡ್ ಆಗಿದ್ದಾಗ, ಡಿಸ್ಕಿನ ಕೀಲಿ ಮೆಮೊರಿಯಲ್ಲೇ ಇರುತ್ತದೆ. ರಾತ್ರಿ ಅಂಗಡಿ ಬಂದ್ ಮಾಡುವಾಗ ಪೂರ್ತಿ ಶಟ್‌ಡೌನ್ ಮಾಡಿ.

ನಮ್ಮ ಅಂಗಡಿಯ ಹಿಂದಿನ ಟೇಬಲ್ಲಿನ ಕೋರ್ 2 ಡ್ಯುಯೋ ಮಷೀನಿಗೆ ನಾನು ಲಕ್ಸ್ ಹಾಕಲಿಲ್ಲ. ಆ ಕಾಲದ ಪ್ರೊಸೆಸರಿನಲ್ಲಿ ಗೂಢಲಿಪಿಗೆ ಬೇಕಾದ ವಿಶೇಷ ಸೌಲಭ್ಯ ಇಲ್ಲ, ಮೊದಲೇ ಕುಂಟುತ್ತಿದ್ದದ್ದು ತೆವಳುತ್ತದೆ. ಬದಲಿಗೆ ಅದರಲ್ಲಿ ಯಾರ ಆಧಾರ್, ಮಾರ್ಕ್ಸ್ ಕಾರ್ಡೂ ಉಳಿಯದ ಹಾಗೆ ಮಾಡಿದ್ದೇವೆ. ಪ್ರಿಂಟ್ ಕೊಡಲು ಮಾತ್ರ ಅದು.

ಗಿರಾಕಿಗಳೇ ಕೂತು ತಮ್ಮ ಪಾಸ್‌ವರ್ಡ್ ಹೊಡೆಯಬೇಕಾದಾಗ? ಅದಕ್ಕೆ ಬೇರೆ ಯೂಸರ್ ಮಾಡಿ, ಅಡ್ಮಿನ್ ಅಧಿಕಾರ ಕೊಡಬೇಡಿ. ನಿಮ್ಮ ಖಾತೆ ಲಾಕ್ ಆಗಿ ಹಿಂದೆ ನಿಂತಿರುತ್ತದೆ.

ಈಗ ಮುರಿಯಿರಿ

ಸೆಟ್ಟಿಂಗ್ ಹಾಕಿ ಎದ್ದು ಹೋಗಬೇಡಿ. ಒಂದು ಗಂಟೆ ಕೂತು ನಿಮ್ಮ ಲಾಕನ್ನೇ ಕೆಣಕಿ. ಮನೆಯಲ್ಲಿ ಎಂಟ್ಹತ್ತು ವರ್ಷದ ಮಕ್ಕಳಿದ್ದರೆ ಕರೆಯಿರಿ, ಮಿಂಟ್ ಕಥೆ ಕೇಳಿದಿರಲ್ಲ.

ಒಂದು ವಿಡಿಯೊ ಹಚ್ಚಿ ಕೈಕಟ್ಟಿ ಕೂಡಿ. ಎರಡು ನಿಮಿಷ ಕಳೆದರೂ ಲಾಕ್ ಬೀಳುವುದಿಲ್ಲ. ಇದು ತಪ್ಪಲ್ಲ, ವಿಡಿಯೊ ಓಡುವಾಗ ಪರದೆ ಆರಬೇಡ ಅಂತ ಪ್ಲೇಯರೇ ಹೇಳಿರುತ್ತದೆ. ಆದರೆ ಕ್ರಿಕೆಟ್ ಹಚ್ಚಿಟ್ಟು ಹೊರಗೆ ಹೋದರೆ ಟೈಮರ್ ನಿಮ್ಮನ್ನು ಕಾಪಾಡುವುದಿಲ್ಲ ಅಂತ ಕಾಕಾಗೆ ಕಣ್ಣಾರೆ ತೋರಿಸಿದ್ದು ಹೀಗೆ.

ಎಕ್ಸ್ ಇದ್ದರೆ ಡೆಸ್ಕ್‌ಟಾಪಿನ ಮೇಲೆ ಬಲ ಕ್ಲಿಕ್ ಮಾಡಿ, ಮೆನು ತೆರೆದೇ ಬಿಟ್ಟು ಕಾಯಿರಿ. ತೆರೆದ ಮೆನು ಕೀಬೋರ್ಡನ್ನು ಹಿಡಿದುಕೊಂಡಿರುತ್ತದೆ, ಲಾಕರಿಗೆ ಹಿಡಿತ ಸಿಗದೆ ಲಾಕ್ ಬೀಳದೇ ಹೋಗಬಹುದು. ವೇಲ್ಯಾಂಡ್‌ನಲ್ಲಿ ಈ ತೊಂದರೆ ಇಲ್ಲ.

ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿ ತೆಗೆಯಿರಿ, ಪಾಸ್‌ವರ್ಡ್ ಕೇಳಬೇಕು. ಆಮೇಲೆ ಇನ್ನೊಂದು ಮಾನಿಟರ್ ಜೋಡಿಸಿ ಅದೇ ಮಾಡಿ. ಹೊರಗಿನ ಮಾನಿಟರ್ ಇದ್ದಾಗ ಮುಚ್ಚಳ ಮುಚ್ಚಿದರೂ ಮಷೀನು ಮಲಗುವುದಿಲ್ಲ, ಹೀಗಾಗಿ ಲಾಕೂ ಬೀಳದೆ ಉಳಿಯಬಹುದು. ನನ್ನ ಲ್ಯಾಪ್‌ಟಾಪಿನಲ್ಲಿ ಹಾಗೇ ಆಯಿತು. ಮುಚ್ಚಳ ಮುಚ್ಚುವ ಮೊದಲು ವಿಂಡೋಸ್ ಕೀ ಮತ್ತು ಎಲ್ ಒತ್ತುವುದು ಈಗ ನನಗೆ ರೂಢಿ.

ಕೊನೆಗೆ, ಲಾಕ್ ಮಾಡಿ ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಮತ್ತೆ ಆನ್ ಮಾಡಿ. ತೆರೆದ ಫೈಲುಗಳನ್ನು ಮೊದಲೇ ಸೇವ್ ಮಾಡಿರಿ. ಪಾಸ್‌ವರ್ಡ್ ಕೇಳದೆ ಡೆಸ್ಕ್‌ಟಾಪ್ ಬಂದರೆ ಆಟೋ ಲಾಗಿನ್ ಇನ್ನೂ ಜೀವಂತ ಇದೆ ಅಂತ ಅರ್ಥ.

ಲಾಕೇ ಕೈಕೊಟ್ಟರೆ

ಅಪರೂಪಕ್ಕೆ ಲಾಕ್ ಪರದೆಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಪಾಸ್‌ವರ್ಡ್ ಖಾನೆಯೇ ಇರುವುದಿಲ್ಲ, ಅಥವಾ ಕೆಡಿಇಯಲ್ಲಿ ಲಾಕರ್ ಕೆಟ್ಟಿದೆ ಅಂತ ಒಂದು ಉದ್ದದ ಸಂದೇಶ ಬರುತ್ತದೆ. ಕೂಡಲೇ ಪವರ್ ಬಟನ್ ಒತ್ತಬೇಡಿ, ಅರ್ಧ ತುಂಬಿದ ಅರ್ಜಿ ಹೋಗುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಟಿಟಿವೈಗೆ ಹೋಗಿ ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿ. ಸುಡೊ ಅಂತ ಬರೆದು ಒಂದು ಜಾಗ ಬಿಟ್ಟು ಲಾಗಿನ್‌ಸಿಟಿಎಲ್, ಮತ್ತೊಂದು ಜಾಗ ಬಿಟ್ಟು ಅನ್‌ಲಾಕ್, ಅದಕ್ಕೆ ಅಡ್ಡಗೆರೆ ಹಚ್ಚಿ ಸೆಷನ್ಸ್. ಎಂಟರ್ ಒತ್ತಿ, ಪಾಸ್‌ವರ್ಡ್ ಕೊಡಿ. ಆಮೇಲೆ ಎಕ್ಸಿಟ್ ಹೊಡೆದು, ಕಂಟ್ರೋಲ್, ಆಲ್ಟ್ ಹಿಡಿದು ಎಫ್1 ಅಥವಾ ಎಫ್2 ಒತ್ತಿ. ಮಿಂಟ್ ಆದರೆ ಎಫ್7. ಬಿಟ್ಟ ಜಾಗದಲ್ಲೇ ಅರ್ಜಿ ಕಾಯುತ್ತಿರುತ್ತದೆ. ಎಕ್ಸಿಟ್ ಮರೆತಿದ್ದರೆ ಈಗಲೇ ವಾಪಸ್ ಹೋಗಿ ಹೊಡೆದು ಬನ್ನಿ.